ಕಣ್ಣಿಗೆ ಕಾಣದ ಚಡಾವು

ಜುಲೈ ತಿಂಗಳಲ್ಲಿ ನಮ್ಮ ಕಡೆ ರಾತ್ರಿ ಊಟದ ಹೊತ್ತಿಗೆ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ದಿನದ ಕೊನೆಯ ಘಟ್ಟ ಟಿವಿಯಲ್ಲಿ ಬರುತ್ತಿರುತ್ತದೆ. ಹೆಲಿಕಾಪ್ಟರಿನಿಂದ ತೆಗೆದ ಚಿತ್ರ. ಕೆಳಗೆ ಹುಲ್ಲುಗಾವಲು, ನಡುವೆ ತಿರುವಿನ ಮೇಲೆ ತಿರುವು ಹಾಕಿಕೊಂಡು ಹೋದ ರಸ್ತೆ, ರಸ್ತೆಯ ಮೇಲೆ ಬಣ್ಣದ ಅಂಗಿ ತೊಟ್ಟ ಇಪ್ಪತ್ತು ಮೂವತ್ತು ಸವಾರರು. ನೋಟ ಸೊಗಸಾಗಿದೆ, ಆದರೆ ನೋಡಬೇಕಾದ ಮುಖ್ಯ ಸಂಗತಿಯೇ ಅದರಲ್ಲಿ ಇಲ್ಲ. ಮೇಲಿನಿಂದ ನೋಡುವ ಕಣ್ಣಿಗೆ ಚಡಾವು ಕಾಣುವುದಿಲ್ಲ. ಬೆಟ್ಟ ಹಾಸಿಟ್ಟ ನಕ್ಷೆಯಂತೆ ಚಪ್ಪಟೆಯಾಗುತ್ತದೆ. ಪರದೆಯ ಮೂಲೆಯಲ್ಲಿ ‘ಶೇ 8’ ಎಂಬ ಅಂಕಿ ಮೂಡುತ್ತದೆ. ಬಹುಪಾಲು ನೋಡುಗರಿಗೆ ಅದು ಬರಿಯ ಅಂಕಿ. ನೂರು ಮೀಟರ್ ಮುಂದೆ ಹೋದರೆ ಎಂಟು ಮೀಟರ್ ಮೇಲೇರುತ್ತೇವೆ ಎಂದು ಬಿಡಿಸಿ ಹೇಳಿದರೂ ಮೈಗೆ ಅರ್ಥವಾಗುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಳಿಯನ್ನು ನೆನೆಯಿರಿ. ಅಲ್ಲಿನ ಏರು ಐವತ್ತು ಮೀಟರಿಗೆ ಒಂದು ಮೀಟರ್, ಅಂದರೆ ಶೇ 2. ಅಷ್ಟಕ್ಕೇ ರೈಲನ್ನು ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು. ಟಿವಿಯಲ್ಲಿ ಸಮತಟ್ಟಾಗಿ ಕಾಣುವ ಆ ರಸ್ತೆ ಅದರ ನಾಲ್ಕು ಪಟ್ಟು ಕಡಿದು.

ವೃತ್ತಿಪರ ಸೈಕಲ್ ರೇಸನ್ನು ನಿಜವಾಗಿ ನೋಡಬೇಕಾದರೆ ನೋಡುವವನು ಒಮ್ಮೆಯಾದರೂ ಯಾವುದಾದರೊಂದು ಘಾಟಿಯನ್ನು ಸೈಕಲಿನಲ್ಲಿ ಏರಿರಬೇಕು ಎಂಬುದು ನನ್ನ ವಾದ. ಎಷ್ಟು ನಿಧಾನವಾಗಿಯಾದರೂ ಸರಿ, ನಡುವೆ ನಾಲ್ಕು ಸಲ ಕಾಲೂರಿ ನಿಂತರೂ ಸರಿ. ಕ್ರಿಕೆಟ್ ಸವಿಯಲು ಬ್ಯಾಟು ಹಿಡಿದಿರಲೇಬೇಕೇ ಎಂದು ಕೇಳಬಹುದು. ಬೇಕಾಗಿಲ್ಲ. ಚೆಂಡು ಬೌಂಡರಿ ದಾಟಿದ್ದು ಕಣ್ಣಿಗೆ ಕಾಣುತ್ತದೆ, ಗೋಲು ಬಿದ್ದದ್ದು ಕಾಣುತ್ತದೆ. ಸೈಕಲ್ ರೇಸಿನಲ್ಲಿ ನಿರ್ಣಾಯಕವಾದ ಗಳಿಗೆ ಬಹಳ ಸಲ ಕಣ್ಣಿಗೆ ಏನೂ ಆಗದಂತೆಯೇ ಕಳೆದುಹೋಗುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನವನ ಚಕ್ರಕ್ಕೂ ನಡುವೆ ಒಂದು ಗೇಣಿದ್ದ ಅಂತರ ಒಂದು ಮಾರಾಗುತ್ತದೆ. ಅಷ್ಟೆ. ಘಾಟಿ ಏರಿದವನಿಗೆ ಮಾತ್ರ ಆ ಒಂದು ಮಾರು ಇನ್ನು ತುಂಬುವುದಿಲ್ಲ ಎಂದು ತಿಳಿಯುತ್ತದೆ.

ಯಾಕೆ ತುಂಬುವುದಿಲ್ಲ ಎಂಬುದಕ್ಕೆ ಗಾಳಿ ಮತ್ತು ತೂಕದ ಲೆಕ್ಕ ಬೇಕು. ಬಯಲಿನಲ್ಲಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋದರೆ ಆ ಖರ್ಚಿನಲ್ಲಿ ಮೂರನೇ ಒಂದು ಪಾಲು ಉಳಿಯಬಹುದು, ದೊಡ್ಡ ಗುಂಪಿನ ಹೊಟ್ಟೆಯಲ್ಲಿ ಅಡಗಿ ಕೂತರೆ ಇನ್ನೂ ಹೆಚ್ಚು. ಹಾಗಾಗಿಯೇ ಬಯಲಿನ ದಿನಗಳಲ್ಲಿ ನೂರೈವತ್ತು ಜನ ಒಂದೇ ಮುದ್ದೆಯಾಗಿ ಓಡುತ್ತಾರೆ. ಬಲಶಾಲಿಗೂ ಸಾಧಾರಣನಿಗೂ ಅಲ್ಲಿ ಹೆಚ್ಚು ಭೇದ ತೋರುವುದಿಲ್ಲ. ರಸ್ತೆ ಮೇಲೆ ಬಾಗಿತೆಂದರೆ ಲೆಕ್ಕ ತಿರುಗುತ್ತದೆ. ವೇಗ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ, ಗಾಳಿಯ ತಡೆ ಸಣ್ಣದಾಗುತ್ತದೆ, ಇನ್ನೊಬ್ಬರ ಬೆನ್ನ ಮರೆಯಲ್ಲಿ ಸಿಗುವ ಉಳಿತಾಯವೂ ಕರಗುತ್ತದೆ. ಉಳಿಯುವುದು ತನ್ನ ತೂಕವನ್ನು ತಾನೇ ಮೇಲೆ ಹೊರುವ ಕೆಲಸ. ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿರುವ ಆಲ್ಪ್ ದ್ಯುಎಜ್ ಎಂಬ ಪ್ರಸಿದ್ಧ ಏರು 13.8 ಕಿಲೋಮೀಟರ್ ಉದ್ದ, ಸರಾಸರಿ ಶೇ 8.1 ಚಡಾವು, 21 ಹೇರ್‌ಪಿನ್ ತಿರುವು. ಎತ್ತರದ ಲೆಕ್ಕದಲ್ಲಿ ಸುಮಾರು 1,100 ಮೀಟರ್. ಸೈಕಲ್ ಸೇರಿ 72 ಕೆ.ಜಿ. ತೂಗುವ ಸವಾರನೊಬ್ಬ ಇದನ್ನು 40 ನಿಮಿಷದಲ್ಲಿ ಮುಗಿಸಬೇಕಾದರೆ, ಗಾಳಿ ಮತ್ತು ಟೈರಿನ ಘರ್ಷಣೆ ಸೇರಿಸಿದರೆ, 380 ವಾಟ್‌ನಷ್ಟು ಶಕ್ತಿಯನ್ನು ಬಿಡದೆ ಹೊಮ್ಮಿಸಬೇಕು. ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್‌ಪಿ ಮೋಟಾರಿನಷ್ಟು. ಆ ಮೋಟಾರನ್ನು ಎರಡು ಕಾಲುಗಳು ನಲವತ್ತು ನಿಮಿಷ ಓಡಿಸುತ್ತವೆ, ಅದೂ ನಾಲ್ಕಾರು ಗಂಟೆ ರೇಸು ಓಡಿ ದಣಿದ ಮೇಲೆ. ಹವ್ಯಾಸಿ ಅದೇ ದಾರಿಯನ್ನು ಒಂದೂವರೆ ಗಂಟೆಯಲ್ಲಿ ಏರಿದರೆ ಹೆಚ್ಚುಕಡಿಮೆ ಕಾಲು ಎಚ್‌ಪಿ ಸಾಕು. ಎರಡೂ ಒಂದೇ ಅಳತೆಗೋಲಿನಲ್ಲಿ ಅಳೆಯಬಹುದಾದ ಕೆಲಸಗಳು, ಅಂತರ ಎರಡು ಪಟ್ಟಿನದು. ಮೋಡದಷ್ಟು ದೂರದ ಸಾಧನೆಯಾಗಿ ಕಾಣುತ್ತಿದ್ದದ್ದು ಹೀಗೆ ಕೈಗೆಟುಕುವ ಅಂದಾಜಿಗೆ ಬರುತ್ತದೆ. ಅಂದಾಜು ಸಿಕ್ಕಿದ ಮೇಲೆ ಬೆರಗು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇದಕ್ಕೆ 2024ರ ಆಗಸ್ಟ್ 18ರ ದಿನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮಹಿಳೆಯರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ, ಮುಕ್ತಾಯ ಇದೇ ಆಲ್ಪ್ ದ್ಯುಎಜ್ ಮೇಲೆ. ಪೋಲೆಂಡಿನ ಕಾಶಾ ನಿವ್ಯಾದೋಮಾ, ಒಟ್ಟು ಸಮಯದ ಲೆಕ್ಕದಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿಯಲ್ಲಿದ್ದರು. ಹಿಂದಿನ ವರ್ಷ ಗೆದ್ದಿದ್ದ ನೆದರ್ಲೆಂಡ್ಸ್‌ನ ಡೆಮಿ ಫೊಲ್ಲರಿಂಗ್ ಐದನೇ ಹಂತದಲ್ಲಿ ಬಿದ್ದು ಸಮಯ ಕಳೆದುಕೊಂಡು 1 ನಿಮಿಷ 15 ಸೆಕೆಂಡು ಹಿಂದಿದ್ದರು. ಮುಕ್ತಾಯಕ್ಕೆ ಇನ್ನೂ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರವಿರುವಾಗಲೇ, ಗ್ಲಾಂದೋಂ ಘಾಟಿಯ ಏರಿನಲ್ಲಿ ಫೊಲ್ಲರಿಂಗ್ ಮುನ್ನುಗ್ಗಿದರು. ಜೊತೆಗೆ ಉಳಿದವರು ಪೌಲೀನಾ ರೋಯಾಕರ್ಸ್ ಒಬ್ಬರೇ. ಹಳದಿ ಅಂಗಿ ಹಿಂದೆ ಬಿತ್ತು. ಬರಿಯ ಕಣ್ಣಿನಿಂದ ನೋಡುವವರು ಆಗಲೇ ರೇಸು ಮುಗಿಯಿತೆಂದು ಎದ್ದುಹೋಗಬಹುದಿತ್ತು. ಆದರೆ ಗ್ಲಾಂದೋಂ ಇಳಿದ ಮೇಲೆ ಆಲ್ಪ್ ದ್ಯುಎಜ್ ಬುಡದವರೆಗೆ ಕಣಿವೆಯ ಸಮತಟ್ಟು ರಸ್ತೆಯಿದೆ. ಅಲ್ಲಿ ಮತ್ತೆ ಗಾಳಿಯ ಲೆಕ್ಕ. ಮುಂದೆ ಇಬ್ಬರು, ಹಿಂದೆ ಒಂದು ಗುಂಪು, ಗುಂಪಿನಲ್ಲಿ ತಮ್ಮ ತಮ್ಮ ಕಾರಣಕ್ಕೆ ಸರದಿಯಲ್ಲಿ ಗಾಳಿ ಸೀಳುವ ಬೇರೆ ತಂಡದವರು. ಕೊನೆಯ ಏರಿನಲ್ಲಿ ಹಳದಿ ಅಂಗಿ ಸೋಲೊಪ್ಪಲಿಲ್ಲ. ಫೊಲ್ಲರಿಂಗ್ ಹಂತ ಗೆದ್ದರು. ನಿವ್ಯಾದೋಮಾ 1 ನಿಮಿಷ 1 ಸೆಕೆಂಡಿನ ನಂತರ ಗೆರೆ ದಾಟಿದರು. ಗೆದ್ದವರಿಗೆ ಸಿಗುವ ಹತ್ತು ಸೆಕೆಂಡು ಬೋನಸ್ ಕಳೆದರೆ ಉಳಿದದ್ದು ನಾಲ್ಕು ಸೆಕೆಂಡು. ಎಂಟು ಹಂತದ ರೇಸು ನಾಲ್ಕು ಸೆಕೆಂಡಿನಲ್ಲಿ ತೀರ್ಮಾನವಾಯಿತು. ಪುರುಷರ ಟೂರ್‌ನಲ್ಲಿ ಅತಿ ಕಡಿಮೆ ಅಂತರ 1989ರ ಎಂಟು ಸೆಕೆಂಡು. ಆಲ್ಪ್ ದ್ಯುಎಜ್‌ನ 21 ತಿರುವಿಗೆ ನಾಲ್ಕು ಸೆಕೆಂಡನ್ನು ಹಂಚಿದರೆ ತಿರುವಿಗೊಂದರಂತೆ ಒಂದು ಸೆಕೆಂಡಿನ ಐದನೇ ಒಂದು ಭಾಗವೂ ಬರುವುದಿಲ್ಲ. ತಿರುವಿನ ಒಳಬದಿ ಕಡಿದಾಗಿರುತ್ತದೆ, ಹೊರಬದಿ ಉದ್ದವಾದರೂ ಸಾವಧಾನದ್ದು, ಆಯ್ಕೆ ತಪ್ಪಿದರೆ ಉಸಿರು ಹತ್ತುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಸೈಕಲಿನಲ್ಲಿ ಏರಿದವರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿರುವ ವಿಷಯ. ಅಂಥವರು ಆ ದಿನ ನೋಡಿದ ರೇಸು ಬೇರೆಯೇ ಆಗಿರುತ್ತದೆ.

ಹವ್ಯಾಸಿ ವೃತ್ತಿಪರರ ಹಿಂದೆ ಬಾಲದಂತೆ ಹೋಗುವವನು ಎಂಬ ಭಾವನೆ ಸಾಮಾನ್ಯ. ಬೆಟ್ಟದ ವಿಷಯದಲ್ಲಿ ಚರಿತ್ರೆ ಇದಕ್ಕೆ ತದ್ವಿರುದ್ಧ. ಟೂರ್ ಡಿ ಫ್ರಾನ್ಸ್ ಹುಟ್ಟಿದ್ದು 1903ರಲ್ಲಿ, ‘ಲೋತೋ’ ಎಂಬ ಪತ್ರಿಕೆಯ ಮಾರಾಟ ಹೆಚ್ಚಿಸುವ ಉಪಾಯವಾಗಿ. ಪತ್ರಿಕೆ ಹಳದಿ ಕಾಗದದಲ್ಲಿ ಅಚ್ಚಾಗುತ್ತಿತ್ತು, 1919ರಲ್ಲಿ ಬಂದ ಹಳದಿ ಅಂಗಿಗೂ ಆ ಬಣ್ಣವೇ. ಪಿರೆನೀಸ್ ಪರ್ವತದ ದೊಡ್ಡ ಘಾಟಿಗಳಿಗೆ ರೇಸು ಕಾಲಿಟ್ಟದ್ದು 1910ರಲ್ಲಿ. ಆದರೆ 2,115 ಮೀಟರ್ ಎತ್ತರದ ತೂರ್ಮಲೆ ಘಾಟಿಯ ಮೇಲೆ ಫ್ರಾನ್ಸಿನ ಟೂರಿಂಗ್ ಕ್ಲಬ್ 1902ರಲ್ಲೇ ಪ್ರವಾಸಿ ಸೈಕಲುಗಳ ಪರೀಕ್ಷೆ ನಡೆಸಿತ್ತು. ರೇಸಿನವರು ಬರುವುದಕ್ಕೆ ಎಂಟು ವರ್ಷ ಮೊದಲೇ ಬೆಟ್ಟ ಸುತ್ತುವ ಹವ್ಯಾಸಿಗಳು ಅಲ್ಲಿಗೆ ಬಂದುಹೋಗಿದ್ದರು. ಇವರ ಗುರುಸ್ಥಾನದಲ್ಲಿದ್ದವರು ಸೇಂಟ್ ಎತಿಯೆನ್ ಪಟ್ಟಣದ ಪೌಲ್ ದ ವಿವಿ. ‘ವೆಲೋಸಿಯೋ’ ಎಂಬ ಹೆಸರಿನಿಂದಲೇ ಅವರು ಪ್ರಸಿದ್ಧರು. ತಮ್ಮ ಪತ್ರಿಕೆಯ ಮೂಲಕ ದೂರಸಂಚಾರದ ಸೈಕಲಿಂಗನ್ನು ಬೆಳೆಸಿದರು, ಊರ ಪಕ್ಕದ ರಿಪಬ್ಲಿಕ್ ಘಾಟಿಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಗೇರು ಬದಲಿಸುವ ಸಾಧನಗಳನ್ನು ಪರೀಕ್ಷಿಸಿದರು. ಗೇರು ಬೇಕೆಂದು ದಶಕಗಟ್ಟಲೆ ವಾದಿಸಿದರು. ಟೂರ್‌ನ ಸ್ಥಾಪಕ ಹೆನ್ರಿ ದೆಗ್ರಾಂಜ್ ಅದನ್ನು ಒಪ್ಪಲಿಲ್ಲ. ಗೇರು ವಯಸ್ಸಾದವರಿಗೆ, ಗಟ್ಟಿಗರಿಗೆ ಒಂದೇ ಗೇರು ಸಾಕು ಎಂಬುದು ಅವರ ನಿಲುವು. ಪರಿಣಾಮವಾಗಿ ಟೂರ್‌ನ ವೀರರು ಏರಿನ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಬೀಳುವಂತೆ ತಿರುಗಿಸಿ ಹಾಕಿ ಮತ್ತೆ ಹತ್ತುತ್ತಿದ್ದರು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರಿಗೆ ಟೂರ್‌ನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ವೆಲೋಸಿಯೋ ತೀರಿಕೊಂಡು ಏಳು ವರ್ಷವಾಗಿತ್ತು. ಇಂದು ಪರದೆಯಲ್ಲಿ ಕಾಣುವ ಪ್ರತಿಯೊಬ್ಬ ಚಾಂಪಿಯನ್ನನ ಹಿಂದಿನ ಚಕ್ರದಲ್ಲಿ ಇರುವುದು, ಗೆಲ್ಲುವ ಹಂಬಲವಿಲ್ಲದೆ ಬೆಟ್ಟ ಹತ್ತಿದ ಹವ್ಯಾಸಿಗಳು ಬಿಡದೆ ಎತ್ತಿಹಿಡಿದ ವಿಚಾರ. ಇದು ನನಗೆ ಬಹಳ ಪ್ರಿಯವಾದ ಸಂಗತಿ.

ಗೇರಿನ ಮಾತು ಬಂದದ್ದರಿಂದ ‘ಇದೆಲ್ಲ ಲಕ್ಷಗಟ್ಟಲೆ ಬೆಲೆಯ ಸೈಕಲಿದ್ದವರ ಖಯಾಲಿ’ ಎಂಬ ಆಕ್ಷೇಪವನ್ನು ಇಲ್ಲೇ ಎದುರಿಸುತ್ತೇನೆ. ದುಬಾರಿ ಸೈಕಲು ಹಗುರವಾಗಿರುತ್ತದೆ ನಿಜ. ರೇಸಿನ ನಿಯಮದ ಪ್ರಕಾರ ಸೈಕಲು 6.8 ಕೆ.ಜಿ.ಗಿಂತ ಹಗುರವಾಗಿರುವಂತಿಲ್ಲ. ಸಾಧಾರಣ ಗೇರ್ ಸೈಕಲು ಅದಕ್ಕಿಂತ ನಾಲ್ಕೈದು ಕೆ.ಜಿ. ಹೆಚ್ಚು ತೂಗಬಹುದು. ಸವಾರನ ತೂಕವನ್ನೂ ಸೇರಿಸಿ ನೋಡಿದರೆ ಈ ಹೆಚ್ಚಳ ಶೇ 5–6. ಒಂದು ಗಂಟೆಯ ಏರಿನಲ್ಲಿ ಮೂರು ನಾಲ್ಕು ನಿಮಿಷದ ವ್ಯತ್ಯಾಸ. ರೇಸಿನವನಿಗೆ ಅದು ಸಾವು ಬದುಕು, ಹವ್ಯಾಸಿಗೆ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು. ಹವ್ಯಾಸಿಗೆ ನಿಜವಾಗಿ ಬೇಕಾದದ್ದು ಸಣ್ಣ ಗೇರು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರವೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್ ಮುಂದೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಶೇ 8ರ ಏರಿನಲ್ಲಿ 78 ಕೆ.ಜಿ.ಯ ಒಟ್ಟು ಭಾರ ಎತ್ತಲು 130 ವಾಟ್ ಸಾಕು. ಹಳೆಯ ಕಾಲದ ರೇಸು ಸೈಕಲಿನಂತೆ ಮುಂದೆ 39, ಹಿಂದೆ 23 ಹಲ್ಲು ಇದ್ದರೆ ಅದೇ ಅರವತ್ತು ಸುತ್ತಿಗೆ 220 ವಾಟ್ ಬೇಕಾಗುತ್ತದೆ. ಅಷ್ಟು ಶಕ್ತಿಯಿಲ್ಲದವನು ಸುತ್ತು ಕಡಿಮೆ ಮಾಡಿ ಮಂಡಿಯ ಮೇಲೆ ಭಾರ ಹಾಕುತ್ತಾನೆ, ಮಂಡಿ ನೋಯುತ್ತದೆ, ಬೆಟ್ಟವನ್ನು ಬೈದು ಮನೆಗೆ ಬರುತ್ತಾನೆ. ಬೆಟ್ಟ ತನಗಲ್ಲ ಎಂದುಕೊಂಡ ಎಷ್ಟೋ ಜನರಿಗೆ ತಪ್ಪಿದ್ದು ಗೇರು ಮಾತ್ರ. ದುಡ್ಡು ಖರ್ಚು ಮಾಡುವುದಾದರೆ ಹಗುರವಾದ ಚೌಕಟ್ಟಿಗಿಂತ ಮೊದಲು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ, ಒಳ್ಳೆಯ ಬ್ರೇಕಿಗೆ ಮಾಡಬೇಕು.

ಇನ್ನೊಂದು ಆಕ್ಷೇಪ ಭಾರವಾದದ್ದು. ಉದ್ದೀಪನ ಮದ್ದಿನಿಂದ ಇಷ್ಟು ಕೆಟ್ಟ ಹೆಸರು ತಂದುಕೊಂಡ ಆಟವನ್ನು ನಂಬಿ ನೋಡುವುದು ಹೇಗೆ? 1967ರ ಜುಲೈ 13ರಂದು ಮೋಂ ವಾಂತು ಬೆಟ್ಟದ ಬೋಳು ಕಲ್ಲಿನ ಏರಿನಲ್ಲಿ ಟೂರ್‌ನ ಸವಾರ ಟಾಮ್ ಸಿಂಪ್ಸನ್ ಕುಸಿದು ಸತ್ತಾಗ ಆತನ ಮೈಯಲ್ಲಿ ಆಂಫೆಟಮಿನ್ ಇತ್ತು. 1999ರಿಂದ 2005ರವರೆಗೆ ಏಳು ಬಾರಿ ಟೂರ್ ಗೆದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೆಸರನ್ನು 2012ರಲ್ಲಿ ಪಟ್ಟಿಯಿಂದ ಅಳಿಸಲಾಯಿತು. ಇದನ್ನು ಮುಚ್ಚಿಡುವಂತಿಲ್ಲ, ಸಣ್ಣದು ಮಾಡುವಂತೆಯೂ ಇಲ್ಲ. ಆದರೆ ಘಾಟಿಯ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ರಸ್ತೆಯ ಉದ್ದ, ಎತ್ತರ, ತೆಗೆದುಕೊಂಡ ಸಮಯ ಇವು ಮೂರೂ ಬಹಿರಂಗವಾದ ಅಂಕಿಗಳು. ಅವುಗಳಿಂದ ಒಬ್ಬ ಸವಾರ ತನ್ನ ತೂಕದ ಪ್ರತಿ ಕೆ.ಜಿ.ಗೆ ಎಷ್ಟು ಶಕ್ತಿ ಹೊಮ್ಮಿಸಿದ ಎಂದು ಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಅಂದಾಜು ಮಾಡಬಹುದು, ಮೇಲೆ ಮಾಡಿದ ಹಾಗೆ. 1990ರ ದಶಕದಲ್ಲಿ ಏರುಗಳ ಮೇಲಿನ ಸಮಯಗಳು ಹಠಾತ್ತನೆ ಇಳಿದದ್ದು ಅನುಮಾನದ ಒಂದು ಎಳೆಯಾಯಿತು. ಇಂಥ ಅಂದಾಜು ಸಾಕ್ಷ್ಯವಾಗದು. ಗಾಳಿಯ ದಿಕ್ಕು, ಒಳ್ಳೆಯ ಟೈರು, ಏರುವ ಮುಂಚಿನ ದಣಿವು ಎಲ್ಲವೂ ಲೆಕ್ಕ ಬದಲಿಸುತ್ತವೆ. ತಪ್ಪಿತಸ್ಥನೆಂದು ಹೇಳಲು ರಕ್ತ, ಮೂತ್ರದ ಪರೀಕ್ಷೆ ಬೇಕು, 2008ರಿಂದ ಬಂದ ಜೈವಿಕ ಪಾಸ್‌ಪೋರ್ಟ್‌ನಂಥ ವ್ಯವಸ್ಥೆ ಬೇಕು. ನಾನು ಹೇಳುವುದಿಷ್ಟು: ಕುರುಡು ಭಕ್ತಿಗೂ ಸಾರಾಸಗಟು ತಿರಸ್ಕಾರಕ್ಕೂ ನಡುವೆ ಒಂದು ಜಾಗವಿದೆ. ಅಲ್ಲಿ ನಿಲ್ಲಲು ಬೇಕಾದ ಅಳತೆ ಬೆಟ್ಟ ಹತ್ತಿದ ನೋಡುಗನ ಬಳಿ ಇರುತ್ತದೆ.

ರಸ್ತೆ ಬದಿಯಲ್ಲಿ ನಿಂತು ನೋಡುವುದು ವ್ಯರ್ಥ, ಗಂಟೆಗಟ್ಟಲೆ ಕಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತಾರೆ ಎನ್ನುವವರಿದ್ದಾರೆ. ಬಯಲಿನ ಹಂತಕ್ಕೆ ಈ ಮಾತು ಒಪ್ಪುತ್ತದೆ. ಘಾಟಿಯಲ್ಲಿ ಹಾಗಲ್ಲ. ಅಲ್ಲಿ ಗುಂಪು ಮಣಿಸರ ಹರಿದಂತೆ ಚೆದುರಿರುತ್ತದೆ. ಮೊದಲಿಗನಿಂದ ಕೊನೆಯವನವರೆಗೆ ಅರ್ಧ ಗಂಟೆ ದಾಟಬಹುದು, ಒಬ್ಬೊಬ್ಬರ ಮುಖವನ್ನೂ ಮೊಳ ದೂರದಿಂದ ನೋಡಬಹುದು. ಟಿಕೆಟ್ಟಿಲ್ಲ, ಗ್ಯಾಲರಿಯಿಲ್ಲ. ಬೆಳಿಗ್ಗೆ ಅದೇ ರಸ್ತೆಯಲ್ಲಿ ಸಾವಿರಾರು ಜನ ತಮ್ಮ ಸೈಕಲು ತುಳಿದುಕೊಂಡು ಬಂದು ತಮಗೆ ಬೇಕಾದ ತಿರುವಿನಲ್ಲಿ ಜಾಗ ಹಿಡಿಯುತ್ತಾರೆ. ವಿಂಬಲ್ಡನ್ ಸೆಂಟರ್ ಕೋರ್ಟಿನಲ್ಲಿ ಫೈನಲ್ಲಿನ ದಿನ ಬೆಳಿಗ್ಗೆ ಅಭಿಮಾನಿಗಳು ಬಂದು ಆಡಿಹೋಗುವುದನ್ನು ಊಹಿಸಲಾದೀತೇ? 1993ರಿಂದ ನಡೆಯುತ್ತಿರುವ ‘ಎತಾಪ್ ದ್ಯು ಟೂರ್’ನಲ್ಲಂತೂ ಆ ವರ್ಷದ ಟೂರ್‌ನ ಒಂದು ಹಂತವನ್ನೇ ಹವ್ಯಾಸಿಗಳಿಗಾಗಿ ರಸ್ತೆ ಮುಚ್ಚಿ ಬಿಟ್ಟುಕೊಡುತ್ತಾರೆ. ಫ್ರಾನ್ಸಿಗೆ ಹೋಗುವುದು ನಮ್ಮಲ್ಲಿ ಎಷ್ಟು ಜನರಿಗೆ ಸಾಧ್ಯ ಎಂದರೆ, ಹೋಗಬೇಕಾಗಿಲ್ಲ. ಶೇ 8 ಎಂಬುದು ಆಲ್ಪ್ಸ್‌ನಲ್ಲೂ ಶೇ 8, ಸಹ್ಯಾದ್ರಿಯಲ್ಲೂ ಶೇ 8. ಬೆಂಗಳೂರಿನ ಸವಾರರಿಗೆ ನಂದಿಬೆಟ್ಟವಿದೆ. 2008ರಲ್ಲಿ ಶುರುವಾದ ‘ಟೂರ್ ಆಫ್ ನೀಲಗಿರೀಸ್’ ಸವಾರರು ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳನ್ನು ಏರುತ್ತಾರೆ. ಆಲ್ಪ್ ದ್ಯುಎಜ್‌ಗಿಂತ ಹದಿನೈದು ತಿರುವು ಹೆಚ್ಚು. ರಾಜ್ಯಕ್ಕೆ ಅತಿ ಹೆಚ್ಚು ಸೈಕ್ಲಿಂಗ್ ಪಟುಗಳನ್ನು ಕೊಟ್ಟ ವಿಜಯಪುರ, ಬಾಗಲಕೋಟೆಗಳು ಎರೆಭೂಮಿಯ ಬಯಲುಸೀಮೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ಹುಡುಗ ಹುಡುಗಿಯರಿಗೆ ಎದುರುಗಾಳಿಯೇ ಬೆಟ್ಟ.

ಒಂದು ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ರೇಸು ನೋಡಿ ಬೆಟ್ಟಕ್ಕೆ ಹೋದವರು ಏರನ್ನಷ್ಟೇ ಅನುಕರಿಸುವುದಿಲ್ಲ, ಇಳಿಯುವುದನ್ನೂ ಅನುಕರಿಸುತ್ತಾರೆ. 1995ರಲ್ಲಿ ಪೋರ್ತೆ ದಾಸ್ಪೆ ಘಾಟಿ ಇಳಿಯುವಾಗ ಒಲಿಂಪಿಕ್ ಚಾಂಪಿಯನ್ ಫಾಬಿಯೋ ಕಸಾರ್ತೆಲ್ಲಿ ಬಿದ್ದು ಸತ್ತರು. 2023ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬುಲಾ ಇಳಿಜಾರಿನಲ್ಲಿ ಬಿದ್ದ ಜೀನೋ ಮೇಡರ್ ಮರುದಿನ ಕೊನೆಯುಸಿರೆಳೆದರು. ಎದುರಿನಿಂದ ಒಂದು ವಾಹನವೂ ಬರದಂತೆ ಮುಚ್ಚಿದ ರಸ್ತೆಯಲ್ಲಿ, ಬದುಕಿಡೀ ಇದನ್ನೇ ಕಲಿತವರಿಗೆ ಹೀಗಾಗುವುದಾದರೆ, ತಿರುವಿನಾಚೆ ಬಸ್ಸೋ ಲಾರಿಯೋ ಇರಬಹುದಾದ ನಮ್ಮ ಘಾಟಿಗಳಲ್ಲಿ ಹವ್ಯಾಸಿ ಹ್ಯಾಂಡಲಿನ ಮೇಲೆ ಮಲಗಿ ಇಳಿಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಏರಿನಲ್ಲಿ ನಾವು ಮತ್ತು ಅವರು ಒಂದೇ ಕೆಲಸ ಮಾಡುತ್ತೇವೆ, ಇಳಿಜಾರಿನಲ್ಲಿ ಅಲ್ಲ. ನನ್ನ ವಾದದ ಗಡಿ ಇದೇ.

ಏರಿನ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಹವ್ಯಾಸಿಯ ಕಣ್ಣು ನಿಲ್ಲಬೇಕಾದದ್ದು ಮುಂದಿನ ಐವರ ಮೇಲಲ್ಲ, ಕೊನೆಯ ಗುಂಪಿನ ಮೇಲೆ. ಇಟಾಲಿಯನ್ನರು ಅದನ್ನು ‘ಗ್ರುಪೆತ್ತೋ’ ಅನ್ನುತ್ತಾರೆ. ಬಯಲಿನಲ್ಲಿ ಮಿಂಚಿನಂತೆ ಓಡುವ, ದಪ್ಪ ತೊಡೆಯ, ಎಂಬತ್ತು ಕೆ.ಜಿ. ಹತ್ತಿರ ತೂಗುವ ಸ್ಪ್ರಿಂಟರುಗಳು ಬೆಟ್ಟದ ದಿನ ಅಲ್ಲಿರುತ್ತಾರೆ. ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಗಡುವು ಹಾಕಿರುತ್ತಾರೆ, ಅದು ಮೀರಿದರೆ ಮರುದಿನ ರೇಸಿನಲ್ಲಿ ಜಾಗವಿಲ್ಲ. ಬೇರೆ ದಿನ ಒಬ್ಬರನ್ನೊಬ್ಬರು ಮೊಣಕೈಯಲ್ಲಿ ನೂಕುವವರು ಆ ದಿನ ಒಂದೇ ಹದದಲ್ಲಿ ಜೊತೆಜೊತೆಯಾಗಿ ತುಳಿಯುತ್ತಾರೆ, ಗಡಿಯಾರ ನೋಡಿ ಲೆಕ್ಕ ಹಾಕುತ್ತಾರೆ, ಎಲ್ಲಿ ಉಸಿರು ಉಳಿಸಬೇಕು ಎಲ್ಲಿ ಖರ್ಚು ಮಾಡಬೇಕು ಎಂದು ಹಂಚಿಕೊಳ್ಳುತ್ತಾರೆ. ದೇಹಕ್ಕೆ ಒಗ್ಗದ ಬೆಟ್ಟವನ್ನು ಬುದ್ಧಿಯಿಂದ ಏರುವುದು ಹೇಗೆ ಎಂಬ ಪಾಠ ಅದು. ಅವರ ಹಿಂದೆ, 1910ರಲ್ಲಿ ಪಿರೆನೀಸ್ ಬೆಟ್ಟಗಳ ಜೊತೆಗೇ ಟೂರ್‌ಗೆ ಬಂದ ‘ಕಸಬರಿಗೆ ಗಾಡಿ’ ಬರುತ್ತದೆ, ಸೋತು ಇಳಿದವರನ್ನು ಗುಡಿಸಿಕೊಂಡು ಹೋಗಲು. ಅದು ದಾಟಿದ ಸ್ವಲ್ಪ ಹೊತ್ತಿಗೆ ಪೊಲೀಸರು ತಡೆ ತೆಗೆಯುತ್ತಾರೆ. ಬೇಲಿಗೆ ಒರಗಿಸಿಟ್ಟ ಸೈಕಲುಗಳನ್ನು ಜನ ಎತ್ತಿಕೊಳ್ಳುತ್ತಾರೆ, ಸವಾರರ ಹೆಸರುಗಳನ್ನು ಸುಣ್ಣದಲ್ಲಿ ಬರೆದ ಡಾಂಬರಿನ ಮೇಲೆ ಕೆಲವರು ಬ್ರೇಕು ಹಿಡಿದು ಇಳಿಯುತ್ತಾರೆ, ತುದಿ ಇನ್ನೂ ನೋಡದವರು ಸಣ್ಣ ಗೇರು ಹಾಕಿಕೊಂಡು ಮೇಲಕ್ಕೆ ಹೊರಡುತ್ತಾರೆ.